ಬೆಳಗಾವಿ, ಬೇಳಗಾವ, ಬೆಲ್ಗಾಂ: ಜಗಳ ಯಾವ ಹೆಸರಿನದು?

ಕೊಲ್ಲಾಪುರದಿಂದ ಬರುವ ಮಹಾರಾಷ್ಟ್ರದ ಬಸ್ಸಿನ ಬೋರ್ಡಿನಲ್ಲಿ ದೇವನಾಗರಿಯಲ್ಲಿ ‘ಬೇಳಗಾವ’ ಎಂದಿರುತ್ತದೆ. ಅದೇ ಹೆದ್ದಾರಿಯಲ್ಲಿ ಅದರ ಹಿಂದೆಯೇ ಬರುವ ನಮ್ಮ ವಾಯವ್ಯ ಸಾರಿಗೆಯ ಬಸ್ಸಿನ ಮೇಲೆ ‘ಬೆಳಗಾವಿ’. ಎರಡೂ ಒಂದೇ ನಿಲ್ದಾಣಕ್ಕೆ ಬರುತ್ತವೆ. ಯಾವುದು ಮೊದಲು ಹೊರಡುತ್ತದೋ ಅದನ್ನು ಹತ್ತುವುದು ಇಲ್ಲಿನ ಜನರ ರೂಢಿ. ಬೋರ್ಡಿನ ಅಕ್ಷರ ನೋಡಿ ಬಸ್ಸು ಬಿಟ್ಟವರು ಕಡಿಮೆ.

ಆದರೆ ಇದೇ ಹೆಸರು, ಇದೇ ಬಸ್ಸುಗಳು ಆಗಾಗ ಬೆಂಕಿಯಾಗುತ್ತವೆ. 2022ರ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಬಸ್ಸುಗಳಿಗೆ ಮಸಿ ಬಿತ್ತು. 2025ರ ಫೆಬ್ರುವರಿಯಲ್ಲಿ ಭಾಷೆಯ ಮಾತಿಗೆ ಕಂಡಕ್ಟರೊಬ್ಬರ ಮೇಲೆ ಹಲ್ಲೆಯಾಗಿ ಗಡಿ ದಾಟುವ ಬಸ್ಸುಗಳೇ ನಿಂತವು. ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿ ಕಾಯ್ದೆ ಬಂದ ಮೇಲೆ ಬೆಳಗಾವಿಯ ಖಡೇಬಜಾರಿನ ಬೋರ್ಡುಗಳೂ ಚರ್ಚೆಗೆ ಬಂದವು. ಪ್ರತಿ ನವೆಂಬರ್ 1ಕ್ಕೆ ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಊರು ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮರಾಠಿ ಸಂಘಟನೆಗಳ ಕರಾಳ ದಿನದ ಮಾತು. ಹೀಗಿರುವಾಗ ಊರಿನ ಹೆಸರು ಭಾಷೆಯಿಂದ ಭಾಷೆಗೆ ಯಾಕೆ ಬದಲಾಗುತ್ತದೆ, ಯಾವ ಬದಲಾವಣೆಗೆ ನಾವು ಹಟ ಹಿಡಿಯಬೇಕು, ಯಾವುದನ್ನು ಬಿಟ್ಟುಬಿಡಬೇಕು ಎಂದು ಬಿಡಿಸಿ ನೋಡುವ ಕೆಲಸ ಬೆಳಗಾವಿಯವರಿಗೆ ಬಿಟ್ಟು ಬೇರೆ ಯಾರಿಗೂ ಇಷ್ಟು ಜರೂರಿಲ್ಲ.

ಮೊದಲು ಹೆಸರಿನ ಬೇರಿಗೆ ಹೋಗೋಣ. ರಟ್ಟರ ಕಾಲದ ಶಾಸನಗಳಲ್ಲಿ ಈ ಊರು ವೇಣುಗ್ರಾಮ, ವೇಳುಗ್ರಾಮ. ಸವದತ್ತಿಯಿಂದ ಆಳುತ್ತಿದ್ದ ರಟ್ಟರು ಆಮೇಲೆ ರಾಜಧಾನಿಯನ್ನು ಇಲ್ಲಿಗೆ ತಂದರು. ಕೋಟೆಯೊಳಗಿನ ಕಮಲ ಬಸದಿ 1204ರದು, ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ಅದೇ ಕಾಲದ, ಶಕ ವರ್ಷ 1127ರ ಎರಡು ಕನ್ನಡ ಶಾಸನಗಳು ಬೆಳಗಾವಿಯಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ ಕೂತಿವೆ. ವೇಣು, ವೇಳು ಎಂದರೆ ಬಿದಿರು. ಬಿದಿರಿನ ಊರು ಎಂಬಷ್ಟೇ ಸರಳ ಹೆಸರು.

ಇಲ್ಲಿಂದ ಮುಂದಿನದು ನನಗೆ ತುಂಬ ಮುಖ್ಯ ಅನಿಸುತ್ತದೆ. ಸಂಸ್ಕೃತದ ‘ವ’ವನ್ನು ‘ಬ’ ಮಾಡಿಕೊಳ್ಳುವುದು ಕನ್ನಡದ ಹಳೆಯ ಜಾಯಮಾನ. ವನ ಬನವಾಯಿತು, ವಸತಿ ಬಸದಿಯಾಯಿತು. ಹಾಗೆಯೇ ವೇಳು ‘ಬೆಳ’ ಆಗಿದೆ. ಮರಾಠಿಯಲ್ಲಿ ಬಿದಿರಿಗೆ ಇವತ್ತಿಗೂ ‘ವೇಳೂ’ ಎನ್ನುತ್ತಾರೆ, ‘ವ’ ಅಲ್ಲಿ ಹಾಗೆಯೇ ಉಳಿದಿದೆ. ಊರಿಗೆ ಮಾತ್ರ ಅವರೂ ‘ವೇಳಗಾವ’ ಅನ್ನದೆ ‘ಬೇಳಗಾವ’ ಅನ್ನುತ್ತಾರೆ. ಅಂದರೆ ಮರಾಠಿಗರ ಬಾಯಲ್ಲಿರುವ ಹೆಸರಿನ ಮೊದಲ ಅಕ್ಷರದಲ್ಲೇ ಕನ್ನಡದ ನಾಲಿಗೆ ಇದೆ. ನಮ್ಮ ಹೆಸರಿನ ಕೊನೆಯ ‘ಗಾವಿ’ಯಾದರೋ ಗ್ರಾಮ ಎಂಬುದು ಪ್ರಾಕೃತದಲ್ಲಿ ಸವೆದು ಬಂದ ರೂಪ, ಮರಾಠಿಯ ‘ಗಾವ’ದ ಒಡಹುಟ್ಟು. ಕನ್ನಡದ ಪದ ಸ್ವರದಲ್ಲಿ ಮುಗಿಯಬೇಕು, ಹಾಗಾಗಿ ನಾವು ‘ಇ’ ಹಚ್ಚಿದೆವು. ಮರಾಠಿ ಕೊನೆಯ ಸ್ವರವನ್ನು ನುಂಗುತ್ತದೆ, ಹಾಗಾಗಿ ಅವರು ‘ವ’ದಲ್ಲಿ ನಿಂತರು. ಎರಡೂ ಹೆಸರು ಒಂದೇ ಮನೆಯವು. ಇದರಲ್ಲಿ ಒಂದು ಅಸಲಿ, ಇನ್ನೊಂದು ನಕಲಿ ಎಂದು ಯಾರು ಹೇಳಿದರೂ ಶಾಸನದ ಸಾಕ್ಷಿ ಅವರ ಪರವಾಗಿ ನಿಲ್ಲುವುದಿಲ್ಲ.

ಈ ಸ್ವರ ನುಂಗುವ ರೂಢಿಯನ್ನು ಒಮ್ಮೆ ಗುರುತು ಹಿಡಿದರೆ ಉತ್ತರ ಕರ್ನಾಟಕದ ಅರ್ಧ ನಕ್ಷೆ ಅರ್ಥವಾಗುತ್ತದೆ. ಬಾಗಲಕೋಟೆ ಮರಾಠಿಯಲ್ಲಿ ಬಾಗಲಕೋಟ್, ಇಂಗ್ಲಿಷಿನಲ್ಲೂ ಬಾಗಲಕೋಟ್. ಹುಬ್ಬಳ್ಳಿ ಮರಾಠಿಯಲ್ಲಿ ಹುಬಳೀ, ಇಂಗ್ಲಿಷಿನಲ್ಲಿ ಹುಬ್ಲಿ. ನಮ್ಮ ಕಡೆಯ ಹೆಸರುಗಳ ಇಂಗ್ಲಿಷ್ ರೂಪ ಕನ್ನಡಕ್ಕಿಂತ ಮರಾಠಿಗೆ ಹತ್ತಿರ ಇರುವುದು ಆಕಸ್ಮಿಕವಲ್ಲ. 1818ರಲ್ಲಿ ಪೇಶ್ವೆಗಳಿಂದ ಈ ಸೀಮೆ ಇಂಗ್ಲಿಷರ ಕೈಗೆ ಹೋದಾಗ ದಫ್ತರಗಳು ಇದ್ದದ್ದು ಮರಾಠಿಯ ಹಳೆಯ ಕೈಬರಹವಾದ ಮೋಡಿ ಲಿಪಿಯಲ್ಲಿ, ಕಾರಕೂನರ ಭಾಷೆ ಮರಾಠಿ, ಆಮೇಲಿನ ಆಡಳಿತ ಮುಂಬಯಿ ಪ್ರಾಂತ್ಯದ್ದು. ಬರೆದುಕೊಂಡ ಸಾಹೇಬ ಕಾರಕೂನ ಹೇಳಿದಂತೆ ಬರೆದುಕೊಂಡ. ‘ಗಾಂವ್’ ಎನ್ನುವಾಗ ಮೂಗಿನಿಂದ ಬರುವ ದನಿಗೆ ಅವನ ಲಿಪಿಯಲ್ಲಿ ಅಕ್ಷರವಿಲ್ಲ, ಅದಕ್ಕೆ ‘ಎಮ್’ ಹಾಕಿದ. ಆ ಕಾಲದ ಕಾಗದಪತ್ರಗಳಲ್ಲಿ ಮಾಲೇಗಾಂವ್ ‘ಮಲ್ಲಿಗಾಮ್’, ಹತ್ತಿಯ ಪೇಟೆ ಖಾಮಗಾಂವ್ ‘ಖಾಮ್‌ಗಾಮ್’ ಆಗಿದ್ದು ಹೀಗೇ. ಮಾಲೇಗಾಂವ್, ಖಾಮಗಾಂವ್‌ಗಳ ‘ಎಮ್’ ಕಾಲಾಂತರದಲ್ಲಿ ಬಿದ್ದುಹೋಯಿತು. ಬೆಲ್ಗಾಂನದು ಮಾತ್ರ ಉಳಿಯಿತು.

ಆ ‘ಎಮ್’ ಮುಂದೆ ಇನ್ನೊಂದು ಭಾಷೆಗೂ ದಾಟಿತು. ಹಿಂದಿಯವರು ಊರಿನ ಹೆಸರನ್ನು ಕನ್ನಡದಿಂದಲೂ ಕೇಳಲಿಲ್ಲ, ಮರಾಠಿಯಿಂದಲೂ ಕೇಳಲಿಲ್ಲ. ಇಂಗ್ಲಿಷ್ ಸ್ಪೆಲ್ಲಿಂಗ್ ಓದಿ ‘ಬೇಲಗಾಮ್’ ಎಂದು ಬರೆದರು. ಇಲ್ಲಿ ಕಳೆದುಹೋದದ್ದು ಬರೀ ‘ವಿ’ ಅಲ್ಲ, ‘ಳ’ ಕೂಡ. ‘ಳ’ ಕನ್ನಡಕ್ಕೂ ಇದೆ, ಮರಾಠಿಗೂ ಇದೆ. ಹೆಸರಿಗಾಗಿ ಕಾದಾಡುವ ಇಬ್ಬರೂ ಆ ಅಕ್ಷರವನ್ನು ಶುದ್ಧವಾಗಿ ಉಚ್ಚರಿಸುತ್ತಾರೆ. ಅದನ್ನು ಉಚ್ಚರಿಸದ ಎರಡು ಭಾಷೆಗಳ ಬೋರ್ಡಿನಲ್ಲಿ ಯಾವ ರೂಪ ಇರಬೇಕೆಂಬುದರ ಸುತ್ತಲೇ ನಮ್ಮ ಜಗಳ ಹೆಚ್ಚು ಸುತ್ತಿದೆ.

ಈ ಹಿನ್ನೆಲೆ ಇಟ್ಟುಕೊಂಡು 2014ರ ಆದೇಶವನ್ನು ನೋಡಬೇಕು. ಸುವರ್ಣ ಕರ್ನಾಟಕದ ಹೊತ್ತಿಗೆ ಇಂಗ್ಲಿಷಿನಲ್ಲೂ ನಮ್ಮ ಊರುಗಳ ಹೆಸರು ಕನ್ನಡದಂತೆಯೇ ಇರಲಿ ಎಂದು ಯು.ಆರ್. ಅನಂತಮೂರ್ತಿ 2005ರಲ್ಲಿ ಸೂಚಿಸಿದ್ದರು. ರಾಜ್ಯ ಒಪ್ಪಿತು, ಕಡತ ದಿಲ್ಲಿಗೆ ಹೋಯಿತು. ಊರ ಹೆಸರು ಬದಲಿಸಲು ಕೇಂದ್ರ ಗೃಹ ಸಚಿವಾಲಯದ 1953ರ ಮಾರ್ಗಸೂಚಿ ಇದೆ. ರೈಲ್ವೆ, ಅಂಚೆ, ಸರ್ವೆ ಆಫ್ ಇಂಡಿಯಾ ಎಲ್ಲರ ಒಪ್ಪಿಗೆ ಬೇಕು. ಬೆಳಗಾವಿಯ ಹೆಸರಿಗೆ ಮಹಾರಾಷ್ಟ್ರದ ವಿರೋಧವೂ ಇತ್ತು. ಅಂತೂ 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಹೆಸರು ಬದಲಾದವು. ಅನಂತಮೂರ್ತಿ ಅದಕ್ಕೂ ಎರಡು ತಿಂಗಳ ಹಿಂದೆ, ಆಗಸ್ಟಿನಲ್ಲಿ ತೀರಿಕೊಂಡಿದ್ದರು.

ಆ ಹನ್ನೆರಡನ್ನೂ ನಾವು ಒಂದೇ ಬಗೆಯ ಬದಲಾವಣೆ ಎಂದು ಎಣಿಸುತ್ತೇವೆ. ಅದು ಸರಿಯಲ್ಲ. ಬೆಂಗಳೂರು, ಮೈಸೂರು, ತುಮಕೂರು, ಬೆಳಗಾವಿ: ಇವು ಕನ್ನಡದಲ್ಲಿ ಮೊದಲಿಂದಲೂ ಹಾಗೇ ಇದ್ದವು. ಬೆಳಗಾವಿಯ ಕನ್ನಡಿಗ ಆ ದಿನ ತನ್ನ ನಾಲಿಗೆಯನ್ನು ಕಿಂಚಿತ್ತೂ ತಿದ್ದಿಕೊಳ್ಳಬೇಕಾಗಿರಲಿಲ್ಲ. ಬದಲಾದದ್ದು ರೋಮನ್ ಅಕ್ಷರ ಮಾತ್ರ. ವಿಜಯಪುರದ ಕತೆ ಬೇರೆ. ಅಲ್ಲಿ ಕನ್ನಡದ ಪಾಟಿಯೇ ಬದಲಾಯಿತು. ಶಾಲೆಯ ಹಲಗೆ, ಪತ್ರಿಕೆಯ ತಲೆಬರಹ, ಬಸ್ಸಿನ ಬೋರ್ಡು ಎಲ್ಲದರಲ್ಲೂ ‘ಬಿಜಾಪುರ’ ಎಂದಿದ್ದದ್ದು ‘ವಿಜಯಪುರ’ವಾಯಿತು. ಚಾಲುಕ್ಯರ ಕಾಲದ ವಿಜಯಪುರ ಜನರ ಬಾಯಲ್ಲಿ ವಿಜಾಪುರವಾಗಿ, ಆದಿಲಶಾಹಿಗಳ ಫಾರಸಿ–ದಖನಿಯಲ್ಲಿ ಬಿಜಾಪುರವಾಗಿ, 17ನೇ ಶತಮಾನದ ಯುರೋಪಿನ ನಕ್ಷೆಗಳಲ್ಲಿ ‘ವಿಸಾಪುರ್’ ಎಂದು ದಾಖಲಾಗಿ ಬಂದದ್ದು. ಮರಾಠಿಯಲ್ಲಿ ಈಗಲೂ ವಿಜಾಪೂರ. ಇಂಡಿ, ಸಿಂದಗಿ ಕಡೆಯ ಹಿರಿಯರ ಮಾತಿನಲ್ಲಿ ಈಗಲೂ ವಿಜಾಪುರ, ಬಿಜಾಪುರ ಎರಡೂ ಕೇಳುತ್ತವೆ. ಕಲಬುರಗಿಯದೂ ಭಾಗಶಃ ಇಂಥದ್ದೇ, ಗುಲ್ಬರ್ಗಾ ಎಂಬುದು ಕನ್ನಡದ ಬರವಣಿಗೆಯಲ್ಲೂ ಬೇರೂರಿತ್ತು.

ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಆಡುವ ಜನರ ಹೆಸರನ್ನು ಹೊರಗಿನವರು ಸರಿಯಾಗಿ ಬರೆಯಲಿ ಎಂದು ಕೇಳುವುದು ಒಂದು. ಆಡುವ ಜನರೇ ತಮ್ಮ ಹೆಸರು ಬದಲಿಸಿಕೊಳ್ಳಲಿ ಎಂದು ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಬೆಂಬಲ ಪೂರ್ತಿ. ಎರಡನೆಯದಕ್ಕೆ ಕಾಲ ಬೇಕು, ಬಲವಂತ ಸಲ್ಲದು. ಬಿಜಾಪುರ ಎಂದು ಬಾಯಿ ತಪ್ಪಿ ಬಂದದ್ದಕ್ಕೆ ಯಾರನ್ನೂ ತಡೆದು ತಿದ್ದಬಾರದು. ಇದಲ್ಲದೆ ಒಂದು ವ್ಯಾವಹಾರಿಕ ತೊಡಕೂ ಇದೆ. ಬಿಜಾಪುರ ಎಂದಾಗ ಛತ್ತೀಸಗಡದ ಬಿಜಾಪುರದೊಂದಿಗೆ ಗೊಂದಲವಾಗುತ್ತಿತ್ತು, ಅದು ತಪ್ಪಿತು. ಆದರೆ ಬೆಂಗಳೂರಿನ ಹತ್ತಿರದ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿಂದಲೂ ಒಂದು ವಿಜಯಪುರ ಇದೆ. ಈಗ ಪಾರ್ಸಲ್ ಕಳಿಸುವವರು ಪಿನ್‌ಕೋಡ್ ನೋಡಿಯೇ ಬರೆಯಬೇಕು.

ಬಾಗಲಕೋಟೆ ಆ ಹನ್ನೆರಡರ ಪಟ್ಟಿಯಲ್ಲೇ ಇರಲಿಲ್ಲ. ಶಾಸನಗಳ ಬಾಗಡಗೆ ಬಾಗಲಕೋಟೆಯಾಗಿ ಬಂದ ಊರು ಅದು. ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ಎಷ್ಟೋ ಓಣಿಗಳು ಹೋದವು, ಜನ ನವನಗರದ ಸೆಕ್ಟರುಗಳಿಗೆ ಬಂದರು. ಮನೆಯ ವಿಳಾಸ ಪೂರ್ತಿ ಬದಲಾದರೂ ಊರಿನ ಹೆಸರನ್ನು ಹೊತ್ತುಕೊಂಡೇ ಮೇಲೆ ಹತ್ತಿದರು.

ಈಗ ಮತ್ತೆ ಬೆಳಗಾವಿಯ ಪ್ರಶ್ನೆಗೆ. ಬೆಂಗಳೂರು, ಮೈಸೂರುಗಳ ಸ್ಪೆಲ್ಲಿಂಗ್ ಬದಲಾದಾಗ ಯಾರೂ ಬೀದಿಗೆ ಇಳಿಯಲಿಲ್ಲ. ಬೆಳಗಾವಿಗೆ ಮಾತ್ರ ಯಾಕೆ ಅಷ್ಟು ವಿರೋಧ? ಉತ್ತರ ಆ ‘ಎಮ್’ನಲ್ಲಿದೆ. ಬೆಲ್ಗಾಂ ಎಂಬುದು ಹೆಸರಿಗೆ ಇಂಗ್ಲಿಷ್, ಒಳಗಿನ ಮೂಳೆ ಮರಾಠಿಯದು. ಅದು ಇರುವವರೆಗೆ ಮರಾಠಿಗರಿಗೆ ತಮ್ಮ ‘ಬೇಳಗಾವ’ವೇ ಜಗತ್ತಿನ ನಕ್ಷೆಯಲ್ಲಿದೆ ಎಂಬ ಸಮಾಧಾನ ಇತ್ತು. ರೋಮನ್ ಲಿಪಿ ಯಾರದೂ ಅಲ್ಲದ ಬಯಲು ಎಂದುಕೊಂಡಿದ್ದವರಿಗೆ ಅದು ಒಮ್ಮೆಲೇ ಕನ್ನಡದ ಕಡೆ ತಿರುಗಿದ್ದು ನೋವಾಯಿತು. ಗಡಿ ವಿವಾದದ ನೆರಳು ಇದರ ಮೇಲೆ ಬಿದ್ದೇ ಇತ್ತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿ ಬೆಳಗಾವಿ ನಗರವನ್ನು ಕರ್ನಾಟಕದಲ್ಲೇ ಉಳಿಸಿತು. ಮಹಾರಾಷ್ಟ್ರ ಅದನ್ನು ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆದೇಶ ಬಂದ ವರ್ಷವೇ, 2014ರ ಜುಲೈನಲ್ಲಿ, ಬೆಳಗಾವಿ ಹತ್ತಿರದ ಯಳ್ಳೂರಿನ ‘ಮಹಾರಾಷ್ಟ್ರ ರಾಜ್ಯ’ ಎಂಬ ಫಲಕವನ್ನು ಹೈಕೋರ್ಟ್ ಆದೇಶದಂತೆ ತೆಗೆದಾಗ ಆ ಊರು ಹೊತ್ತಿಕೊಂಡಿತ್ತು. ಆ ಫಲಕದ ಮೇಲಿದ್ದ ಊರಿನ ಹೆಸರನ್ನು ನೋಡಿ: ಯಳ್ಳೂರು. ‘ಊರು’ ಅಲ್ಲಿಯೇ ಇದೆ.

ಇದೇ ನಾಟಕ ಯುರೋಪಿನಲ್ಲೂ ನಡೆದಿದೆ. ಉಕ್ರೇನಿನ ರಾಜಧಾನಿಯನ್ನು ಇಂಗ್ಲಿಷ್ ಪತ್ರಿಕೆಗಳು ದೀರ್ಘಕಾಲ ‘ಕೀವ್’ ಎಂದು ಬರೆದದ್ದು ರಷ್ಯನ್ ಉಚ್ಚಾರ ಹಿಡಿದು. ಉಕ್ರೇನ್ ಸ್ವತಂತ್ರವಾದ ಮೇಲೆ 1995ರಲ್ಲಿ ತನ್ನ ಭಾಷೆಯ ‘ಕ್ಯಿವ್’ ರೂಪವನ್ನು ರೋಮನ್ನಿನಲ್ಲಿ ಅಧಿಕೃತ ಮಾಡಿತು. ಅಸೋಸಿಯೇಟೆಡ್ ಪ್ರೆಸ್ ಅದನ್ನು ಒಪ್ಪಿದ್ದು 2019ರಲ್ಲಿ. ಅಲ್ಲೂ ಉಕ್ರೇನಿಯನ್ನರು ತಮ್ಮ ನಾಲಿಗೆ ತಿದ್ದಿಕೊಳ್ಳಲಿಲ್ಲ. ಮೂರನೆಯವರು ಪಕ್ಕದ ಮನೆಯವರ ಬಾಯಿಂದ ತಮ್ಮ ಹೆಸರು ಕೇಳಿಕೊಂಡಿದ್ದನ್ನು ಸರಿಪಡಿಸಿದರು. ಬೆಲ್ಗಾಂ ಬೆಳಗಾವಿಯಾದದ್ದು ಅಚ್ಚು ಇದೇ ಬಗೆ. ಊರಿನ ಆಡಳಿತ ಭಾಷೆಯಲ್ಲಿ ಹೆಸರು ಹೇಗಿದೆಯೋ ಹೊರಗಿನ ಲಿಪಿಯಲ್ಲೂ ಹಾಗೇ ಇರಬೇಕು ಎಂಬುದು ಜಗತ್ತು ಒಪ್ಪುತ್ತಿರುವ ನೀತಿ. 1967ರಿಂದ ನಡೆಯುತ್ತ ಬಂದ ವಿಶ್ವಸಂಸ್ಥೆಯ ಸ್ಥಳನಾಮ ಸಮ್ಮೇಳನಗಳೂ ಸ್ಥಳೀಯ ರೂಪಕ್ಕೇ ಒತ್ತು ಕೊಟ್ಟಿವೆ. ಆದ್ದರಿಂದ ರೋಮನ್ನಿನಲ್ಲಿ, ಸರ್ಕಾರಿ ಕಾಗದದಲ್ಲಿ, ರೈಲು ಟಿಕೀಟಿನಲ್ಲಿ ಬೆಳಗಾವಿ ಎಂದೇ ಇರಬೇಕು, ಅದರಲ್ಲಿ ರಾಜಿಯ ಮಾತಿಲ್ಲ.

ಆದರೆ ಮರಾಠಿಯವನು ಮರಾಠಿಯಲ್ಲಿ ಬರೆಯುವಾಗ ‘ಬೇಳಗಾವ’ ಎಂದರೆ? ಅದು ಅವನ ಭಾಷೆಯ ಸರಿಯಾದ ರೂಪ. ಅದನ್ನು ಅಳಿಸಲು ನಮಗೆ ಕಾರಣವಿಲ್ಲ, ಹಕ್ಕೂ ಇಲ್ಲ. ನಾವೇ ಏನು ಮಾಡುತ್ತೇವೆ ನೋಡಿ. ಕೋಲ್ಹಾಪೂರವನ್ನು ಕೊಲ್ಲಾಪುರ ಅನ್ನುತ್ತೇವೆ, ಗೋವಾವನ್ನು ಗೋವೆ ಅನ್ನುತ್ತೇವೆ. ಅಕ್ಕಲಕೋಟ್ ನಮಗೆ ಅಕ್ಕಲಕೋಟೆ. ಸೋಲಾಪೂರ ನಮಗೆ ಸೊಲ್ಲಾಪುರ. ವಚನ ಓದಿದವರಿಗೆ ಅದು ಸೊನ್ನಲಿಗೆ, ಹನ್ನೆರಡನೆಯ ಶತಮಾನದ ಸಿದ್ಧರಾಮನ ಊರು. ಆಷಾಢಕ್ಕೆ ವಿಠ್ಠಲನ ಕಾಲ್ನಡಿಗೆ ಯಾತ್ರೆಗೆ, ಅಂದರೆ ವಾರಿಗೆ, ಹೋಗುವ ನಮ್ಮ ಹಳ್ಳಿಗಳ ವಾರಕರಿಗಳು ಪಂಢರಾಪುರ ಅನ್ನುತ್ತಾರೆ, ಶಾಸನಗಳು ಪಂಡರಗೆ ಅನ್ನುತ್ತವೆ, ಮರಾಠಿ ಪಂಢರಪೂರ ಅನ್ನುತ್ತದೆ. ವಿಠ್ಠಲನ ಹತ್ತಿರ ಇದಕ್ಕೆ ಜಗಳವಾದದ್ದು ಕೇಳಿಲ್ಲ. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂ.ಬಾ. ಜೋಶಿಯವರು ಮಹಾರಾಷ್ಟ್ರದ ಊರಹೆಸರುಗಳ ಒಳಗೆ ಕನ್ನಡದ ಕುರುಹು ಹುಡುಕುತ್ತ ಜೀವಮಾನ ಕಳೆದರು. ಅವರ ಎಲ್ಲ ತೀರ್ಮಾನಗಳನ್ನು ಒಪ್ಪದವರೂ ಒಂದನ್ನು ಒಪ್ಪಬೇಕು: ಹಳೆಯ ರೂಪಗಳು ಜನರ ಬಾಯಲ್ಲಿ ಉಳಿದಿದ್ದರಿಂದಲೇ ಅವರಿಗೆ ಸಾಕ್ಷಿ ಸಿಕ್ಕಿತು. ಹೆಸರುಗಳನ್ನೆಲ್ಲ ಒಂದೇ ಅಚ್ಚಿಗೆ ಹಾಕಿದ್ದರೆ ಆ ಸಾಕ್ಷಿಯೂ ಹೋಗುತ್ತಿತ್ತು.

ನಮ್ಮದೇ ರಾಜ್ಯದ ಮಂಗಳೂರು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ. ಅಷ್ಟೂ ಹೆಸರು ಒಂದೇ ಮೀನು ಮಾರುಕಟ್ಟೆಯಲ್ಲಿ ಕಿವಿಗೆ ಬೀಳುತ್ತವೆ. ಅಧಿಕೃತ ಹೆಸರು ಮಂಗಳೂರು ಎಂಬುದರಿಂದ ಕುಡ್ಲಕ್ಕೆ ಏನೂ ಕುಂದಾಗಿಲ್ಲ.

ಅಡ್ಡಹೆಸರುಗಳ ವಿಷಯವನ್ನೂ ಇಲ್ಲಿ ಹೇಳಬೇಕು, ಉತ್ತರ ಕರ್ನಾಟಕದ ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿರುವುದಿಲ್ಲ. ನಮ್ಮಲ್ಲಿ ಊರೇ ಮನೆತನದ ಹೆಸರು. ಬೆಳಗಾವಿ, ಸವದತ್ತಿ, ಅಥಣಿ, ಹುಬ್ಬಳ್ಳಿ, ವಿಜಾಪುರ ಎಂಬ ಅಡ್ಡಹೆಸರಿನವರು ಶಾಲೆಯ ಪ್ರತಿ ಹಾಜರಿ ಪುಸ್ತಕದಲ್ಲೂ ಸಿಗುತ್ತಾರೆ. ಮರಾಠಿ ಮನೆಗಳಲ್ಲಿ ಬೇಳಗಾವಕರ, ವಿಜಾಪೂರಕರ, ನಿಪಾಣಿಕರ. ಸಂಶೋಧಕ ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನ ಯರಗಲ್ಲದವರು. ಗೆಜೆಟ್ಟಿನಲ್ಲಿ ಗುಲ್ಬರ್ಗಾ ಎಂದಿದ್ದ ಕಾಲದುದ್ದಕ್ಕೂ ಅವರ ಹೆಸರಿನಲ್ಲಿ ಕಲಬುರ್ಗಿ ಇತ್ತು. ಸರ್ಕಾರ 2014ರಲ್ಲಿ ಬರೆದುಕೊಂಡ ಹೆಸರನ್ನು ಮನೆತನಗಳು ಅದಕ್ಕೂ ಮೊದಲೇ ಕಾಪಾಡಿಕೊಂಡು ಬಂದಿದ್ದವು. ಹಾಗೆಯೇ ಬೇಳಗಾವಕರ ಎಂಬ ಕನ್ನಡ ನೆಲದ ಮರಾಠಿ ಮನೆತನದ ಹೆಸರನ್ನು ಯಾವ ಆದೇಶವೂ ಬೆಳಗಾವಿಕರ ಮಾಡಲಾರದು.

ಕಷ್ಟದ ಜಾಗ ಮನೆಯ ಮಾತಲ್ಲ, ಸರ್ಕಾರಿ ಫಲಕ. ಭಾಷಾವಾರು ಪ್ರಾಂತ್ಯಗಳಾದ ಮೇಲೆ ದೇಶ ಒಪ್ಪಿಕೊಂಡ ಒಂದು ಸೂತ್ರವಿದೆ: ಭಾಷಾ ಅಲ್ಪಸಂಖ್ಯಾತರು ಶೇ 15 ಅಥವಾ ಹೆಚ್ಚು ಇರುವ ಕಡೆ ಮುಖ್ಯ ಸರ್ಕಾರಿ ಸೂಚನೆಗಳು ಅವರ ಭಾಷೆಯಲ್ಲೂ ಇರಬೇಕು. ಬೆಳಗಾವಿಯ ಮರಾಠಿ ಸಂಘಟನೆಗಳು ಇದನ್ನೇ ಮುಂದಿಡುತ್ತವೆ. ಕನ್ನಡದ ಹೋರಾಟಗಾರರಿಗೆ ಇದು ಗಡಿ ವಾದದ ಹಿಂಬಾಗಿಲು ಎಂಬ ಶಂಕೆ. ಎಪ್ಪತ್ತು ವರ್ಷದ ಅನುಭವ ಇದ್ದವರಿಗೆ ಆ ಶಂಕೆ ಸುಮ್ಮನೆ ಬಂದದ್ದಲ್ಲ. ಪಾಲಿಕೆಯ ಕಚೇರಿಯಲ್ಲಿ ಕನ್ನಡದ ಕಾಗದಕ್ಕಾಗಿ ಕನ್ನಡಿಗರೇ ಬಡಿದಾಡಿದ ಕಾಲವನ್ನು ನೆನಪಿಟ್ಟವರು ಇನ್ನೂ ಇದ್ದಾರೆ. ಆದರೂ ನನ್ನ ನಿಲುವು ಇಷ್ಟು: ಫಲಕದಲ್ಲಿ ಕನ್ನಡ ಮೊದಲು, ದೊಡ್ಡದಾಗಿ, ತಪ್ಪಿಲ್ಲದೆ. ಅದರ ಕೆಳಗೆ ಮರಾಠಿ ಬರುವ ಕಡೆ ಮರಾಠಿ ಮರಾಠಿಯಂತೆಯೇ ಇರಲಿ. ಯಾಕೆಂದರೆ ಇದೇ ಸೂತ್ರವನ್ನು ಹಿಡಿದು ನಾವು ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳ ಪರ ಮಾತಾಡಬೇಕು. 2021ರಲ್ಲಿ ಕಾಸರಗೋಡಿನ ಕನ್ನಡ, ತುಳು ಊರಹೆಸರುಗಳನ್ನು ಮಲಯಾಳಕ್ಕೆ ತಿರುಗಿಸಲಾಗುತ್ತಿದೆ ಎಂಬ ಸುದ್ದಿ ಬಂದಾಗ ಇಡೀ ಕರ್ನಾಟಕ ದನಿಯೆತ್ತಿತು, ಕೇರಳ ಅಂಥ ಯೋಚನೆಯೇ ಇಲ್ಲ ಎಂದಿತು. ಮಧೂರು ಮಧೂರಾಗಿಯೇ ಇರಲಿ ಎಂದು ಅಲ್ಲಿ ಕೇಳುವ ಬಾಯಿ ಇಲ್ಲಿ ‘ಬೇಳಗಾವ’ಕ್ಕೆ ಮಸಿ ಬಳಿಯಲಾಗದು. ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತಾಡುವವರು ತೀರಾ ಕಡಿಮೆ. ಆದರೂ ಅದರ ರಾಜಧಾನಿ ಹೆಲ್ಸಿಂಕಿಯೂ ಹೌದು, ಹೆಲ್ಸಿಂಗ್‌ಫೋರ್ಸ್ ಕೂಡ ಹೌದು, ಎರಡೂ ಅಧಿಕೃತ. ದೇಶ ಒಡೆಯಲಿಲ್ಲ.

ನಾವು ನಿಜವಾಗಿ ಬೆನ್ನುಹತ್ತಬೇಕಾದ ಕೆಲಸ ಬೇರೆ ಕಡೆ ಬಾಕಿ ಇದೆ. ರೈಲ್ವೆಯ ಬೋರ್ಡು ಬದಲಾದರೂ ಸ್ಟೇಷನ್ ಸಂಕೇತಗಳು ಹಳೆಯವೇ: ಬೆಳಗಾವಿಗೆ ಬಿಜಿಎಂ, ಹುಬ್ಬಳ್ಳಿಗೆ ಯುಬಿಎಲ್. ಇವು ಯಂತ್ರದ ಸಂಕೇತಗಳು, ಬದಲಿಸಲು ಖರ್ಚು ಬಹಳ, ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಿಂದಿಯ ‘ಬೇಲಗಾಮ್’ ಮಾತ್ರ ಹೋಗಲೇಬೇಕು. ದೇವನಾಗರಿಯಲ್ಲಿ ‘ಳ’ ಇದೆ, ಮರಾಠಿಯವರು ದಿನವೂ ಬಳಸುತ್ತಾರೆ. ಹಿಂದಿಯ ಸಾಲಿನಲ್ಲೂ ‘ಬೆಳಗಾವಿ’ ಎಂದು ‘ಳ’ ಹಾಕಿಯೇ ಬರೆಯಿರಿ ಎಂದು ಕೇಳುವುದರಲ್ಲಿ ಕನ್ನಡಿಗ, ಮರಾಠಿಗ ಇಬ್ಬರೂ ಒಂದಾಗಿ ನಿಲ್ಲಬಹುದು. ಇನ್ನು ಚುನಾವಣಾ ಆಯೋಗದ ಪಟ್ಟಿ ನೋಡಿ. ಹೆಸರು ಬದಲಾಗಿ ಇಷ್ಟು ವರ್ಷವಾದ ಮೇಲೂ ನಮ್ಮ ಲೋಕಸಭಾ ಕ್ಷೇತ್ರಗಳು ಇಂಗ್ಲಿಷಿನಲ್ಲಿ ಬೆಲ್ಗಾಂ, ಬಿಜಾಪುರ್, ಗುಲ್ಬರ್ಗಾ. 2008ರ ಕ್ಷೇತ್ರ ಮರುವಿಂಗಡಣೆಯ ಆದೇಶದಲ್ಲಿ ಹಾಗೆ ಬರೆದಿದೆ, ರಾಜ್ಯದ ಗೆಜೆಟ್ ಅದನ್ನು ಮುಟ್ಟಲಾರದು. ಮುಂದಿನ ಮರುವಿಂಗಡಣೆಯ ಕರಡು ಆಕ್ಷೇಪಣೆಗೆ ಹೊರಬಿದ್ದ ದಿನವೇ ಹೆಸರಿನ ತಿದ್ದುಪಡಿಯ ಅರ್ಜಿ ಹೋಗಬೇಕು. ಅದಕ್ಕೆ ಈಗಿನಿಂದಲೇ ಕಾಗದ ಸಿದ್ಧಮಾಡಿ ಇಟ್ಟುಕೊಳ್ಳುವುದು ಬೆಳಗಾವಿ, ವಿಜಯಪುರ, ಕಲಬುರಗಿಯ ಸಂಸದರ ಕೆಲಸ, ಅವರಿಗೆ ನೆನಪು ಮಾಡಿಕೊಡುವುದು ನಮ್ಮದು.